ತುಂಗೆಯ ಗುಂಟ ಗಂಗಾಮೂಲಕ್ಕೆ: ಷರತ್ತಿಲ್ಲದ ಭರವಸೆಯ ದಾರಿ

ಮೊದಲ ದಿನ: ಶಿವಮೊಗ್ಗ

ಈ ಪ್ರವಾಸಕ್ಕೆ ತೆನೆ ಹಬ್ಬ ಮುಗಿದ ವಾರವೇ ಸರಿಯಾದ ಕಾಲ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದಿನಕ್ಕೆ ಹೊಸ ತೆನೆ ಮನೆ ಸೇರಿರುತ್ತದೆ, ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತದೆ, ಹೊಳೆ ಇನ್ನೂ ತುಂಬಿರುತ್ತದೆ. ದಾರಿ ತುಂಗೆಯ ಹರಿವಿಗೆ ಎದುರು: ಶಿವಮೊಗ್ಗ, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ, ಶೃಂಗೇರಿ, ಆಮೇಲೆ ತುಂಗೆ ಹುಟ್ಟುವ ಗಂಗಾಮೂಲದ ಕಾಡು. ದೇವರನ್ನು ಷರತ್ತಿಲ್ಲದೆ ನಂಬುವುದು ಹೇಗೆ ಎಂಬ ಒಂದೇ ವಿಷಯ ಇಟ್ಟುಕೊಂಡು ಹೊರಟ ಧ್ಯಾನಯಾತ್ರೆ ಇದು.

ಹನ್ನೆರಡು ಜನಕ್ಕಿಂತ ಹೆಚ್ಚಾದರೆ ಮೌನ ನಿಲ್ಲುವುದಿಲ್ಲ. ಒಂದು ಟೆಂಪೋ ಟ್ರಾವೆಲರ್ ಸಾಕು. ಪ್ರತಿಯೊಬ್ಬರ ಬಳಿ ಬೈಬಲ್, ನೂರು ಪುಟದ ನೋಟ್‌ಬುಕ್, ರೇನ್‌ಕೋಟ್, ದಿನವೂ ತೆಗೆದುಕೊಳ್ಳುವ ಮಾತ್ರೆಗಳು ಇರಬೇಕು. ಘಟ್ಟದ ರಸ್ತೆ ಕುಸಿದು ಒಂದೆರಡು ದಿನ ಸಿಕ್ಕಿಕೊಂಡರೂ ಸಾಲುವಷ್ಟು. ದಿನಚರಿ ಸರಳ. ಬೆಳಿಗ್ಗೆ ಆ ದಿನದ ವಾಕ್ಯಭಾಗವನ್ನು ಎರಡು ಸಲ, ಇಬ್ಬರು ಬೇರೆ ಬೇರೆಯವರು ಗಟ್ಟಿಯಾಗಿ ಓದುವುದು, ನಡುವೆ ಐದು ನಿಮಿಷ ಸುಮ್ಮನಿರುವುದು. ಬಳಿಕ ಒಂದು ಗಂಟೆ ಮೌನವಾಗಿ ನಡಿಗೆ. ರಾತ್ರಿ ಕಾಲು ಗಂಟೆ ಆತ್ಮಶೋಧನೆ, ಲೊಯೋಲಾದ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಕ್ರಮದಲ್ಲಿ: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮೆ, ನಾಳೆಯ ಸಂಕಲ್ಪ. ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಒಂದು ಗೆರೆ ಎಳೆದು ಎಡಕ್ಕೆ ‘ನನ್ನ ಕೈಲಾಗುವುದು’, ಬಲಕ್ಕೆ ‘ನನ್ನ ಕೈ ಮೀರಿದ್ದು’ ಎಂದು ಬರೆಯುವುದು. ಊಟವಾದ ಕೂಡಲೇ ಆತ್ಮಶೋಧನೆಗೆ ಕೂತರೆ ಅರ್ಧ ಜನ ತೂಕಡಿಸುತ್ತಾರೆ. ಊಟಕ್ಕೆ ಮೊದಲೇ ಮುಗಿಸಿಕೊಳ್ಳುವುದು ಲೇಸು.

ಬಿ.ಎಚ್. ರಸ್ತೆಯ ಪವಿತ್ರ ಹೃದಯದ ಪ್ರಧಾನಾಲಯದಲ್ಲಿ ಪೂಜೆ ಮುಗಿದ ಮೇಲೆ ಹಿಂದಿನ ಬೆಂಚುಗಳಲ್ಲೇ ಮೊದಲ ಓದು. 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯದ ಮುಖ್ಯ ದೇವಾಲಯ ಇದು. ಜನ ಚದುರಿದ ಮೇಲೆ ಆ ದೊಡ್ಡ ಸಭಾಂಗಣದಲ್ಲಿ ಓದುವವರ ದನಿ ತಾನಾಗಿ ನಿಧಾನವಾಗುತ್ತದೆ.

ಓದಿಗೆ ಆರಿಸಿಕೊಂಡದ್ದು ಯೆರೆಮೀಯ 29. ಅದರ 11ನೇ ವಾಕ್ಯ ನಮ್ಮ ಮನೆಗಳ ಕ್ಯಾಲೆಂಡರಿನಲ್ಲಿ, ಮೊಬೈಲ್ ಸ್ಟೇಟಸ್ಸಿನಲ್ಲಿ, ಪರೀಕ್ಷೆಗೆ ಹೊರಟ ಮಕ್ಕಳ ಜೇಬಿನಲ್ಲಿ ಇರುತ್ತದೆ: ನಿಮ್ಮ ವಿಷಯದಲ್ಲಿ ನನ್ನ ಯೋಚನೆ ಕೇಡಿನದಲ್ಲ, ಹಿತದ್ದು ಎಂಬ ಮಾತು. ಅದಕ್ಕೂ ಹಿಂದಿನ 10ನೇ ವಾಕ್ಯವನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಬಾಬಿಲೋನಿನಲ್ಲಿ ಎಪ್ಪತ್ತು ವರ್ಷ ಆಗಬೇಕು ಎನ್ನುತ್ತದೆ ಅದು. ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಕಾಗದ ಅದು. ಕೈಗೆ ಪಡೆದ ನಡುವಯಸ್ಸಿನವರಲ್ಲಿ ಹೆಚ್ಚಿನವರು ಯೆರೂಸಲೇಮನ್ನು ಮತ್ತೆ ಕಾಣದೆಯೇ ಕಣ್ಣು ಮುಚ್ಚಬೇಕಿತ್ತು. ಹಿಂದಿನ ಅಧ್ಯಾಯದಲ್ಲೇ ಹನನ್ಯನೆಂಬ ಸುಳ್ಳು ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಸಾರಿದ್ದ. ಜನಕ್ಕೆ ಬೇಕಾದ ಪ್ರವಾದಿ ಅವನು. ಯೆರೆಮೀಯ ಹೇಳಿದ್ದು ಬೇರೆ: ಮನೆ ಕಟ್ಟಿ, ತೋಟ ಹಾಕಿ, ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ.

ಈ ಜಿಲ್ಲೆಯಲ್ಲಿ ಆ ಕಾಗದವನ್ನು ಓದುವಾಗ ಎದೆ ಭಾರವಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ತೋಟ ನೀರಿಗೆ ಬಿಟ್ಟು ಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅವರ ಮುಂದೆ ನಿಂತು 11ನೇ ವಾಕ್ಯವೊಂದನ್ನೇ ಓದುವುದು ಕ್ರೂರ. 5ರಿಂದ 11ರವರೆಗೆ ಇಡಿಯಾಗಿ ಓದಬೇಕು. ಆಗ ಭರವಸೆಗೆ ಗಡುವು ಕಟ್ಟುವ ನಮ್ಮ ಅಭ್ಯಾಸ ಬಯಲಿಗೆ ಬರುತ್ತದೆ. ‘ಈ ನೊವೇನಾ (ಒಂಬತ್ತು ದಿನದ ಪ್ರಾರ್ಥನೆ) ಮುಗಿಯುವುದರೊಳಗೆ’, ‘ಮಾರ್ಚ್ ಒಳಗೆ’, ‘ಮಗಳಿಗೆ ಮೂವತ್ತು ತುಂಬುವ ಮೊದಲು’ ಎಂದೆಲ್ಲ ನಾವು ದೇವರಿಗೆ ದಿನ ಗೊತ್ತು ಮಾಡುತ್ತೇವೆ. ಆ ದಿನ ದಾಟಿದ ಕೂಡಲೇ ಭರವಸೆ ಕುಸಿಯುವುದಕ್ಕೆ ಕಾರಣ ನಾವೇ ಇಟ್ಟ ಗಡುವು. ಮೊದಲ ರಾತ್ರಿಯ ಕೆಲಸ ಇಷ್ಟೇ: ಬಲಗಡೆಯ ಪಟ್ಟಿಯಲ್ಲಿರುವ ಒಂದೊಂದು ಬೇಡಿಕೆಯ ಮುಂದೆ ಮನಸ್ಸಿನಲ್ಲಿಟ್ಟುಕೊಂಡ ಗಡುವನ್ನು ಬರೆದು, ಬೇಡಿಕೆಯನ್ನು ಉಳಿಸಿ, ಗಡುವನ್ನು ಮಾತ್ರ ಹೊಡೆದುಹಾಕುವುದು.

ಎರಡನೆಯ ದಿನ: ಮಂಡಗದ್ದೆ, ತೀರ್ಥಹಳ್ಳಿ

ತೀರ್ಥಹಳ್ಳಿಗೆ ಸುಮಾರು ಅರವತ್ತು ಕಿಲೋಮೀಟರ್. ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ ದಾಟಿ ಅರ್ಧ ದಾರಿ ಬಂದರೆ ಮಂಡಗದ್ದೆ. ರಸ್ತೆಯ ಮಗ್ಗುಲಲ್ಲೇ ಹೊಳೆಯ ನಡುಗಡ್ಡೆ, ಅದರ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಜುಲೈನಿಂದ ಅಕ್ಟೋಬರ್‌ವರೆಗೆ ಇವುಗಳ ಸಂಸಾರ ಇಲ್ಲೇ. ದುರ್ಬೀನು ಇದ್ದರೆ ಒಂದೇ ಗೂಡನ್ನು ಹಿಡಿದು ಅರ್ಧ ಗಂಟೆ ನೋಡಬೇಕು.

ಆಕಾಶದ ಹಕ್ಕಿಗಳನ್ನು ನೋಡಿರಿ ಎಂದು ಮತ್ತಾಯ 6:26ರಲ್ಲಿ ಪ್ರಭು ಹೇಳಿದ್ದು ಸೋಮಾರಿಗಳಿಗೆ ಕೊಟ್ಟ ರಜೆಯಲ್ಲ. ತಾಯಿಹಕ್ಕಿ ಬೆಳಗಿನಿಂದ ಹೊಳೆಗೂ ಗೂಡಿಗೂ ಹಾರಾಡುವುದನ್ನು ನೋಡಿದರೆ ಅದು ಗೊತ್ತಾಗುತ್ತದೆ. ಹಕ್ಕಿ ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಕಣಜ ತುಂಬುವುದಿಲ್ಲ. ಆದರೆ ಅಂದಂದಿನ ಕೆಲಸ ಅಂದಂದು ಮಾಡುತ್ತದೆ. ತುಂಗೆ ಉಕ್ಕಿದ ವರ್ಷ ಕೆಳಗಿನ ಕೊಂಬೆಯ ಗೂಡುಗಳು ಮರಿಗಳ ಸಮೇತ ಮುಳುಗುವುದೂ ಉಂಟು. ಅದನ್ನು ಕಂಡವರಿಗೆ 6ನೇ ಅಧ್ಯಾಯ ಒಂದೇ ಸಾಲದು. ಅದೇ ಶುಭಸಂದೇಶದ 10:29ನ್ನು ಜೊತೆಗಿಟ್ಟು ಓದಬೇಕು. ಕಾಸಿಗೆ ಎರಡರಂತೆ ಮಾರುವ ಗುಬ್ಬಿಗಳಲ್ಲಿ ಒಂದೂ ತಂದೆಗೆ ಹೊರತಾಗಿ ನೆಲಕ್ಕೆ ಬೀಳದು ಎನ್ನುತ್ತದೆ ಅದು. ಬೀಳುವುದೇ ಇಲ್ಲ ಎಂದು ಹೇಳುವುದಿಲ್ಲ. ಆ ಕಾಸೆಂದರೆ ಒಂದು ದಿನದ ಕೂಲಿಯ ಹದಿನಾರನೇ ಒಂದು ಪಾಲು. ಲೂಕನಲ್ಲಿ ಎರಡು ಕಾಸಿಗೆ ಐದು ಗುಬ್ಬಿ. ಐದನೆಯದು ಕೊಸರು, ಅದಕ್ಕೆ ಬೆಲೆಯೇ ಇಲ್ಲ. ದೇವರು ಅದನ್ನೂ ಮರೆಯುವುದಿಲ್ಲ. ತಿನ್ನಿಸುವ ತಂದೆ, ಬಿದ್ದಾಗಲೂ ಜೊತೆಗಿರುವ ತಂದೆ: ಈ ಎರಡರಲ್ಲಿ ಒಂದನ್ನು ಬಿಟ್ಟರೆ ನಂಬಿಕೆ ಕುಂಟುತ್ತದೆ.

ಮಧ್ಯಾಹ್ನದ ಮೇಲೆ ತೀರ್ಥಹಳ್ಳಿ ಹತ್ತಿರದ ಒಂದು ಅಡಿಕೆ ತೋಟ. ಮರದ ಬುಡದಲ್ಲಿ ಹಸಿ ಅಡಿಕೆ ಉದುರಿ ಬಿದ್ದಿತ್ತು, ಒಂದೊಂದರ ಮೇಲೂ ಬಿಳಿ ಬೂಸಲು. ಕೊಳೆ ರೋಗ. ತೋಟದ ಯಜಮಾನರು ಒಂದನ್ನು ಎತ್ತಿ ಹಿಸುಕಿ ತೋರಿಸಿದರು. “ಎರಡು ಸಲ ಔಷಧಿ ಹೊಡ್ಸಿದ್ವಿ ಮಾರಾಯ್ರೆ. ಮಳೆ ಬಿಡ್ಲೇ ಇಲ್ಲ, ಏನ್ ಮಾಡೋದು ಹೇಳಿ?”

ಆ ಔಷಧಿಯ ವಿಷಯ ಇಲ್ಲಿ ವಿವರವಾಗಿ ಹೇಳಲೇಬೇಕು, ಭರವಸೆಯ ಪಾಠಕ್ಕೂ ಅದು ಬೇಕು. ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಐವತ್ತು ಲೀಟರ್ ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಬೇರೆ ಐವತ್ತು ಲೀಟರಿನಲ್ಲಿ ಅರಳಿಸಿ ಸೋಸಬೇಕು. ಪ್ಲಾಸ್ಟಿಕ್ ಡ್ರಮ್ ಆಗಬಹುದು, ಕಬ್ಬಿಣದ್ದು ಕೂಡದು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ತಿರುವಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆದು ನೋಡುವುದು. ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು, ಇಲ್ಲದಿದ್ದರೆ ಎಳೆಗಾಯಿ ಸುಡುತ್ತದೆ. ಕಲಸಿದ ದಿನವೇ ಹೊಡೆದು ಮುಗಿಸಬೇಕು. ಮುಂಗಾರು ಹಿಡಿಯುವ ಮುನ್ನ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಹಳೆಯ ಸುಣ್ಣ ಬಳಸಿದರೆ, ಗೊನೆಯ ಒಳಮೈಗೆ ತಾಗದಿದ್ದರೆ, ಹೊಡೆದು ಒಣಗುವ ಮುಂಚೆ ಮಳೆ ಬಂದರೆ ಔಷಧಿ ವ್ಯರ್ಥ. ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ ಕೆಲವು ವರ್ಷ ಕೊಳೆ ಬಂದೇ ಬರುತ್ತದೆ.

ಹಬಕ್ಕೂಕನ ಮೂರನೇ ಅಧ್ಯಾಯವನ್ನು ಓದಬೇಕಾದ್ದು ಇಲ್ಲಿಯೇ, ಉದುರಿದ ಕಾಯಿಗಳ ನಡುವೆ ನಿಂತು. ಅವನ ಪಟ್ಟಿಯಲ್ಲಿ ಆರು ನಷ್ಟಗಳು: ಅಂಜೂರ ಚಿಗುರದೆ ಹೋದರೂ, ದ್ರಾಕ್ಷಿ ಫಲಿಸದಿದ್ದರೂ, ಎಣ್ಣೆಮರ ಕೈಕೊಟ್ಟರೂ, ಹೊಲ ಅನ್ನ ಕೊಡದಿದ್ದರೂ, ಹಟ್ಟಿಯಲ್ಲಿ ಕುರಿ, ಕೊಟ್ಟಿಗೆಯಲ್ಲಿ ದನ ಇಲ್ಲವಾದರೂ. ಆಮೇಲೆ ಬರುತ್ತದೆ, ಆದರೂ ನಾನು ಕರ್ತನಲ್ಲಿ ಸಂತೋಷಿಸುವೆನು ಎಂಬ ಮಾತು. ಇದೇ ಪ್ರವಾದಿ ತನ್ನ ಪುಸ್ತಕವನ್ನು ಶುರು ಮಾಡುವುದು ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುವುದೇ ಇಲ್ಲವಲ್ಲ ಎಂಬ ಜಗಳದಿಂದ. ಅಷ್ಟೆಲ್ಲ ವಾದ ಮಾಡಿದ ಮೇಲೆ ಬಂದ ಮಾತಾದ್ದರಿಂದಲೇ ಆ ‘ಆದರೂ’ಗೆ ತೂಕ. ಕೊನೆಯ ಸಾಲಿನಲ್ಲಿ ತಂತಿವಾದ್ಯದೊಡನೆ ಹಾಡಬೇಕೆಂಬ ಸೂಚನೆಯೂ ಇದೆ. ಅಂದರೆ ಇದನ್ನು ಕಲಿತು, ಮತ್ತೆ ಮತ್ತೆ ಹಾಡಿ, ಬೆಳೆ ಚೆನ್ನಾಗಿರುವ ವರ್ಷದಲ್ಲೇ ನಾಲಿಗೆಗೆ ರೂಢಿ ಮಾಡಿಕೊಳ್ಳಬೇಕು. ಕೊಳೆ ಬಂದ ದಿನ ಹೊಸದಾಗಿ ಕಲಿಯುವುದು ಕಷ್ಟ.

ಔಷಧಿ ಹೊಡೆಯುವುದು ಎಡಗಡೆಯ ಪಟ್ಟಿಗೆ ಸೇರಿದ್ದು, ಫಸಲು ಬಲಗಡೆಗೆ. ದೇವರ ಮೇಲೆ ಭಾರ ಹಾಕಿದ್ದೇನೆ ಎಂದು ಬೋರ್ಡೋ ಬಿಟ್ಟವರೂ, ಬೋರ್ಡೋ ಹೊಡೆದಿದ್ದೇನೆ, ಇನ್ನು ದೇವರು ಫಸಲು ಕೊಡಲೇಬೇಕು ಎಂದು ಹಟ ಹಿಡಿದವರೂ ಈ ಎರಡನ್ನು ಕಲಸಿಬಿಡುತ್ತಾರೆ. ಇನ್ನೊಂದು ಮಾತನ್ನೂ ತೋಟದಲ್ಲೇ ಹೇಳಬೇಕು. ನಲವತ್ತು ಐವತ್ತು ಅಡಿ ಮರ ಹತ್ತುವ ಕೊನೆಗಾರನ ಕೂಲಿಯನ್ನು ಈ ವರ್ಷ ನಷ್ಟ ಎಂದು ಉಳಿಸಿಕೊಂಡು, ಅವನಿಗೆ ದೇವರನ್ನು ನಂಬು ಎನ್ನುವ ಹಕ್ಕು ಯಾರಿಗೂ ಇಲ್ಲ. ತಡೆಹಿಡಿದ ಕೂಲಿ ದೇವರ ಕಿವಿ ಮುಟ್ಟುತ್ತದೆ ಎಂದು ಯಾಕೋಬನ ಪತ್ರ 5:4 ಎಚ್ಚರಿಸುತ್ತದೆ.

ಆ ರಾತ್ರಿ ಪ್ರತಿಯೊಬ್ಬರೂ ತಮ್ಮದೇ ಆರು ಸಾಲು ಬರೆಯಬೇಕು, ಪ್ರತಿ ಸಾಲೂ ‘ಆದರೂ’ ಎಂದು ಮುಗಿಯುವಂತೆ. ಇಲ್ಲಿ ಎರಡು ತೊಂದರೆ ಬರುತ್ತವೆ. ಕೆಲವರು ಸಣ್ಣಪುಟ್ಟದ್ದನ್ನು ಬರೆದು ಮುಗಿಸುತ್ತಾರೆ. ಕೆಲವರು ಮಗುವಿನ ಹೆಸರೋ ಕಾಯಿಲೆಯ ಹೆಸರೋ ಬರೆದು ಮುಂದೆ ಹೋಗಲಾರದೆ ನಿಲ್ಲುತ್ತಾರೆ. ನಿಂತವರನ್ನು ತಳ್ಳಬಾರದು. ಗೆತ್ಸೆಮನೆ ತೋಟದಲ್ಲಿ ಪ್ರಭು ಮೊದಲು ಕೇಳಿದ್ದು ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದೇ. ನಿನ್ನ ಚಿತ್ತದಂತಾಗಲಿ ಎಂಬುದು ಆಮೇಲೆ, ಬೆವರು ರಕ್ತದ ಹನಿಗಳಂತೆ ಸುರಿಯುವ ವೇದನೆಯ ನಡುವೆ. ಮೊದಲರ್ಧವನ್ನು ಮುಚ್ಚಿಟ್ಟು ಎರಡನೆಯದನ್ನು ಬಾಯಲ್ಲಿ ಹೇಳಿಸಿದರೆ ಅದು ಭರವಸೆಯಾಗದು. ಅಂಥವರು ಕೀರ್ತನೆ 13ನ್ನು ಓದಿ ಮಲಗಲಿ. ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುವ ಕೀರ್ತನೆ ಅದು.

ಮೂರನೆಯ ದಿನ: ಆಗುಂಬೆ

ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು. ಗಾಳಿಗೆ ಕೊಡೆ ನಿಲ್ಲದು, ಮೌನ ನಡಿಗೆಗೆ ರೇನ್‌ಕೋಟೇ ಸರಿ. ಉಂಬಳಕ್ಕೆ (ಜಿಗಣೆ) ಉದ್ದ ಕಾಲುಚೀಲ, ಒಂದು ಬಟ್ಟೆಯ ಗಂಟಿನಲ್ಲಿ ಉಪ್ಪು. ಕಚ್ಚಿದ್ದನ್ನು ಎಳೆದು ಕೀಳದೆ ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ.

ಮಾರ್ಕ 4:35ರಿಂದ ಬಿರುಗಾಳಿಯ ಪ್ರಸಂಗ. ಪ್ರಭು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದರು. ಶಿಷ್ಯರು ಎಬ್ಬಿಸಿದ್ದು ಪ್ರಾರ್ಥನೆಯಿಂದಲ್ಲ, ದೂರಿನಿಂದ: ನಾವು ಮುಳುಗುತ್ತಿದ್ದೇವೆ, ನಿಮಗೆ ಚಿಂತೆಯೇ ಇಲ್ಲವೇ? ಆ ದೂರಿಗೂ ಅವರು ಎದ್ದರು. ಮೊದಲು ಗಾಳಿಯನ್ನು ಗದರಿಸಿದರು, ವಿಶ್ವಾಸದ ಪ್ರಶ್ನೆ ಕೇಳಿದ್ದು ಆಮೇಲೆ. ಜೊತೆಯಲ್ಲಿ ಬೇರೆ ದೋಣಿಗಳೂ ಇದ್ದವು ಎಂದು ಮಾರ್ಕ ಒಂದು ಮಾತು ಹೇಳುತ್ತಾನೆ. ಯಾರನ್ನೂ ಎಬ್ಬಿಸಲು ಗೊತ್ತಿಲ್ಲದ ಆ ದೋಣಿಯವರಿಗೂ ಅದೇ ಶಾಂತಿ ಸಿಕ್ಕಿತು.

ಅಂದಿನ ಮುಖ್ಯ ಪಾಠ ಮಾತ್ರ ಘಟ್ಟದ ರಸ್ತೆಯದು. ಸೋಮೇಶ್ವರದ ಕಡೆ ಇಳಿಯುವ ಹದಿನಾಲ್ಕು ತಿರುವುಗಳಲ್ಲಿ ಜೋರು ಮಳೆಗೆ ಗುಡ್ಡ ಜರಿಯುತ್ತದೆ. ಎಚ್ಚರಿಕೆ ಕೊಟ್ಟ ದಿನವೂ ದೇವರು ಕಾಪಾಡುತ್ತಾನೆ ಎಂದು ಗಾಡಿ ಇಳಿಸುವುದು ಭಕ್ತಿಯಂತೆ ಕಾಣುತ್ತದೆ. ಮತ್ತಾಯ 4ರಲ್ಲಿ ದೇವಾಲಯದ ಶಿಖರದಿಂದ ಧುಮುಕು ಎಂದವನು ಶೋಧಕ, ಅಂದರೆ ಸೈತಾನ. ಅವನು ಆಧಾರವಾಗಿ ಎತ್ತಿದ್ದು ಭರವಸೆಯ ಕೀರ್ತನೆಯನ್ನೇ, 91ನೆಯದನ್ನು. ದೇವರನ್ನು ಪರೀಕ್ಷಿಸಬಾರದು ಎಂದು ಪ್ರಭು ಧರ್ಮೋಪದೇಶಕಾಂಡದಿಂದ ಉತ್ತರ ಕೊಟ್ಟರು. ದೇವರೇ ಒಡ್ಡಿದ ಕಷ್ಟದಲ್ಲಿ ಅವರನ್ನು ನಂಬುವುದು ಒಂದು, ನಾವೇ ಕಷ್ಟ ಹುಟ್ಟಿಸಿ ಅವರು ಬರುತ್ತಾರೋ ಎಂದು ನೋಡುವುದು ಇನ್ನೊಂದು.

ಈ ವ್ಯತ್ಯಾಸ ಗೊತ್ತಿಲ್ಲದೆ ಜೀವ ಹೋಗುವುದು ಔಷಧಿಯ ವಿಷಯದಲ್ಲಿ. ಪ್ರಾರ್ಥನಾ ಕೂಟ ಮುಗಿದ ಮೇಲೆ ಇನ್ಸುಲಿನ್ ಬಿಡುವವರು, ಕ್ಷಯದ ಮಾತ್ರೆಯನ್ನು ಎರಡನೇ ತಿಂಗಳಲ್ಲಿ ಕೆಮ್ಮು ನಿಂತಿತೆಂದು ನಿಲ್ಲಿಸುವವರು ಇದ್ದಾರೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ ಪೂರ್ತಿ ಆಗಬೇಕು. ನಡುವೆ ಬಿಟ್ಟರೆ ಉಳಿದ ರೋಗಾಣುಗಳು ಆ ಔಷಧಿಗೆ ಬಗ್ಗದಂತಾಗುತ್ತವೆ, ಮನೆಮಂದಿಗೂ ಅದೇ ಹರಡುತ್ತದೆ. ಎರಡನೇ ಅರಸುಗಳು 20ರಲ್ಲಿ ಕಾಯಿಲೆ ಬಿದ್ದ ಅರಸ ಹಿಜ್ಕೀಯನಿಗೆ ಇನ್ನೂ ಹದಿನೈದು ವರ್ಷ ಆಯುಷ್ಯ ಕೊಡುತ್ತೇನೆಂದು ದೇವರೇ ಮಾತು ಕೊಟ್ಟಾಗಿತ್ತು. ಆದರೂ ಪ್ರವಾದಿ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದ. ವಾಗ್ದಾನ ಇದ್ದರೂ ಮದ್ದು ಬಿಡಲಿಲ್ಲ. ಗುಣವಾಗದವರಿಗೆ ನಿಮ್ಮ ವಿಶ್ವಾಸ ಸಾಲದು ಎನ್ನುವವರು ಪೌಲನ ಮುಳ್ಳನ್ನು, ಅವನನ್ನು ಬಿಡದೆ ಕಾಡಿದ ಬಾಧೆಯನ್ನು, ನೆನೆಯಲಿ. ಅವನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಪೌಲನಿಗಿಂತ ಹೆಚ್ಚಿನ ವಿಶ್ವಾಸವನ್ನು ರೋಗಿಯಿಂದ ಕೇಳುವುದು ಅನ್ಯಾಯ.

ಸಂಜೆ ಮೋಡ ಸರಿದರೆ ಸೂರ್ಯಾಸ್ತದ ಕಟ್ಟೆಯಿಂದ ಕರಾವಳಿ ಕಾಣುತ್ತದೆ. ಆ ಬಯಲಿನ ಗಂಗೊಳ್ಳಿ, ಬಸ್ರೂರು, ಕುಂದಾಪುರಗಳಲ್ಲಿ 1681ರಿಂದ 1684ರವರೆಗೆ ಗೋವೆಯ ಧರ್ಮಗುರು ಜೋಸೆಫ್ ವಾಜ್ ಸೇವೆ ಮಾಡಿದರು. ಆಗ ಅದು ಕೆಳದಿ ಅರಸರ ಸೀಮೆ. 1687ರಲ್ಲಿ ಡಚ್ಚರು ಕಥೋಲಿಕ ಗುರುಗಳಿಗೆ ನಿಷೇಧ ಹಾಕಿದ್ದ ಸಿಂಹಳಕ್ಕೆ ವೇಷ ಮರೆಸಿಕೊಂಡು ಹೋದರು. ಇಳಿದ ಕೂಡಲೇ ರಕ್ತಭೇದಿಯಿಂದ ಸಾವಿನ ಹತ್ತಿರ ಹೋಗಿ ಬಂದರು, 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಯಾದರು. ಬರಗಾಲದಲ್ಲಿ ಅವರು ಪ್ರಾರ್ಥಿಸಿ ಮಳೆ ತರಿಸಿದರೆಂಬ ಪರಂಪರೆ ಎಲ್ಲರಿಗೂ ಪ್ರಿಯ. ಅದಕ್ಕೂ ಮೊದಲಿನ ಸೆರೆವಾಸ, ಆಮೇಲೆ ಸಿಡುಬಿನ ರೋಗಿಗಳ ನಡುವಿನ ಶುಶ್ರೂಷೆ ಅಷ್ಟು ನೆನಪಾಗುವುದಿಲ್ಲ. ನಂಬಿಕೆ ಕಂಡದ್ದು ಅಲ್ಲಿ. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡ ಅವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು.

ನಾಲ್ಕನೆಯ ದಿನ: ಶೃಂಗೇರಿ ದಾಟಿ ಗಂಗಾಮೂಲ

ಶೃಂಗೇರಿಯಲ್ಲಿ ತಿಂಡಿ ಮುಗಿಸಿ ಕೆರೆಕಟ್ಟೆ ದಾರಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ನಡುವೆ ನಿಲ್ಲಿಸುವಂತಿಲ್ಲ, ಪ್ಲಾಸ್ಟಿಕ್ ಎಸೆಯುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗಂಗಾಮೂಲದ ಕಾಡಿಗೆ ಕಾಲಿಡಬಾರದು. ಆದ್ದರಿಂದ ಓದನ್ನು ಶೃಂಗೇರಿಯಲ್ಲೇ ಮುಗಿಸಿಕೊಂಡು, ಕಾಡಿನೊಳಗೆ ವಾಹನದಲ್ಲಿ ಮೌನವಾಗಿ ಸಾಗುವುದು ಅನುಕೂಲ.

ಓದು ದಾನಿಯೇಲ 3. ವಿಗ್ರಹಕ್ಕೆ ಅಡ್ಡಬೀಳದವರನ್ನು ಎಸೆಯುವ ಕುಲುಮೆಯನ್ನು ಏಳು ಪಾಲು ಹೆಚ್ಚು ಕಾಯಿಸುವ ಮೊದಲು ಶದ್ರಕ್, ಮೇಷಕ್, ಅಬೇದ್‌ನೆಗೋ ಅರಸನಿಗೆ ಕೊಟ್ಟ ಉತ್ತರದಲ್ಲಿ ಎರಡು ಭಾಗ. ನಮ್ಮ ದೇವರು ಬಿಡಿಸಬಲ್ಲನು. ಬಿಡಿಸದಿದ್ದರೂ ನಿನ್ನ ವಿಗ್ರಹಕ್ಕೆ ಅಡ್ಡಬೀಳೆವು. ಕುಲುಮೆಯಿಂದ ಹೊರಬಂದ ಮೇಲೆ ಆಡಿದ್ದರೆ ಈ ಮಾತು ಸಾಕ್ಷಿಯಾಗುತ್ತಿತ್ತು. ಒಳಗೆ ಹೋಗುವ ಮೊದಲೇ ಆಡಿದ್ದರಿಂದ ಅದು ಭರವಸೆ.

ಈ ಕಾಡಿನ ಮಗಳೊಬ್ಬಳು ಅದೇ ಬಗೆಯಲ್ಲಿ ಬದುಕಿದಳು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದಲ್ಲಿ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಟ್ಟಿಕೊಂಡ ಆಶ್ರಮದಲ್ಲಿ 1858ರ ಏಪ್ರಿಲ್ 23ರಂದು ಪಂಡಿತಾ ರಮಾಬಾಯಿ ಹುಟ್ಟಿದರು. ಆರು ತಿಂಗಳ ಕೂಸಾಗಿದ್ದಾಗ ಮನೆಯವರು ಆಶ್ರಮ ಬಿಟ್ಟು ತೀರ್ಥಯಾತ್ರೆ ಹೊರಟರು. ಕೂಸನ್ನು ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿಸಿ, ಆಳೊಬ್ಬನ ತಲೆಯ ಮೇಲೆ ಹೊರಿಸಿ ಬೆಟ್ಟ ಇಳಿಸಿದರು. ತಾಯಿ ಲಕ್ಷ್ಮೀಬಾಯಿ ದಾರಿಯುದ್ದಕ್ಕೂ ಸಂಸ್ಕೃತ ಕಲಿಸಿದರು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಹೋದರು. 1880ರಲ್ಲಿ ಅಣ್ಣ, 1882ರಲ್ಲಿ ಕಾಲರಾದಿಂದ ಗಂಡ. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದಾಗ ಮಡಿಲಲ್ಲಿ ಉಳಿದದ್ದು ಪುಟ್ಟ ಮಗಳು ಮನೋರಮಾ ಒಬ್ಬಳೇ.

1889ರಲ್ಲಿ ಅವರು ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಾಗ ಅಮೆರಿಕದ ಬೆಂಬಲಿಗರ ಸಂಘ ಹತ್ತು ವರ್ಷ ನೆರವಿನ ಮಾತು ಕೊಟ್ಟಿತ್ತು. ಆ ಅವಧಿ ಮುಗಿಯುವ ಹೊತ್ತಿಗೇ ಬರ ಬಂತು. ಪುಣೆ ಹತ್ತಿರದ ಕೇಡಗಾಂವ್‌ನ ಮುಕ್ತಿ ಸದನಕ್ಕೆ ಹಸಿದ ಹುಡುಗಿಯರನ್ನು ನೂರುಗಟ್ಟಲೆ ಕರೆತಂದರು. 1900ರ ಹೊತ್ತಿಗೆ ಹೆಚ್ಚು ಕಡಿಮೆ ಎರಡು ಸಾವಿರ ಬಾಯಿ. ನಿಶ್ಚಿತ ಆದಾಯವಿಲ್ಲ, ಪ್ರಾರ್ಥನೆಯೇ ಆಧಾರ. ಹಾಗೆಂದು ಕೈಕಟ್ಟಿ ಕೂರಲಿಲ್ಲ. ಬಾವಿ ತೋಡಿಸಿದರು, ಹೊಲ ಮಾಡಿಸಿದರು, ಮಗ್ಗ ಹಾಕಿಸಿದರು, ಅಚ್ಚುಕೂಟ ನಡೆಸಿದರು, ಕುರುಡರಿಗೆ ಬ್ರೈಲ್ ಕಲಿಸಿದರು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. 1921ರಲ್ಲಿ ಆ ಒಬ್ಬಳೇ ಮಗಳೂ ತೀರಿಕೊಂಡಳು. ಆಮೇಲೂ ಕರಡಚ್ಚು ತಿದ್ದುವ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ತಾವು ಕಣ್ಣು ಮುಚ್ಚುವ ಮೊದಲು ಅದನ್ನು ಮುಗಿಸಿಕೊಟ್ಟರು.

ದೇವರನ್ನು ನಂಬಿದವರ ಮನೆಗೆ ಸಾವು ಬರುವುದಿಲ್ಲ ಎಂದು ಬೋಧಿಸುವವರು ಈ ಬದುಕನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೋ ತಿಳಿಯದು. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಮಾತ್ರ ಸಿಂಹದ ಬಾಯಿ ಕಟ್ಟಿದವರನ್ನೂ, ಗರಗಸದಿಂದ ಕೊಯ್ಯಿಸಿಕೊಂಡವರನ್ನೂ ಒಂದೇ ಉಸಿರಿನಲ್ಲಿ ವಿಶ್ವಾಸಿಗಳೆಂದು ಕರೆಯುತ್ತದೆ.

ಶೃಂಗೇರಿಗೆ ಮರಳಿ, ಊಟಕ್ಕೆ ಮೊದಲು ಕೊನೆಯ ಆತ್ಮಶೋಧನೆ. ಈ ಸಲ ಬಲಗಡೆಯ ಪಟ್ಟಿಯನ್ನು ಒಬ್ಬೊಬ್ಬರೂ ತಮ್ಮಷ್ಟಕ್ಕೆ ಓದಿ, ಕೀರ್ತನೆ 31ರ 5ನೇ ವಾಕ್ಯದಿಂದ, ಪ್ರಭು ಶಿಲುಬೆಯ ಮೇಲೆ ಹೇಳಿದ ಅದೇ ಸಾಲಿನಿಂದ ತಂದೆಯ ಕೈಗೆ ಒಪ್ಪಿಸಬೇಕು. ಎಡಗಡೆಯ ಪಟ್ಟಿಯಿಂದ ಒಂದು ಕೆಲಸ ಆರಿಸಿ ಅದರ ಮುಂದೆ ವಾರ ಮತ್ತು ಗಂಟೆ ಬರೆಯಬೇಕು. ಸೋಮವಾರ ಹತ್ತಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದು, ಮಂಗಳವಾರ ಕೊನೆಗಾರನ ಬಾಕಿ ಕೂಲಿ ಕೊಡುವುದು, ಬುಧವಾರ ಮಾತು ಬಿಟ್ಟ ತಮ್ಮನಿಗೆ ಫೋನ್ ಮಾಡುವುದು: ಹೀಗೆ.